ಅಜ್ಜಿಯ ಬಿಸಿನೀರು, ಮೇಷ್ಟ್ರ ಬೀಗದ ಕೈ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಡೆದ ಸಂಗತಿ ಇದು. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದೆವು. ನನಗಿಂತ ಇಬ್ಬರ ಮುಂದೆ ನಿಂತಿದ್ದ ಹುಡುಗ ಇದ್ದಕ್ಕಿದ್ದಂತೆ ಸೆಟೆದುಕೊಂಡು ನೆಲಕ್ಕೆ ಬಿದ್ದ. ಕೈಕಾಲು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಮೇಷ್ಟ್ರೊಬ್ಬರು ಓಡಿ ಬಂದು ಜೇಬಿನಿಂದ ಬೀಗದ ಕೈಗೊಂಚಲು ತೆಗೆದು ಅವನ ಮುಷ್ಟಿಯೊಳಗೆ ತುರುಕಿದರು. ಎದುರು ಮನೆಯಿಂದ ಯಾರೋ ಈರುಳ್ಳಿ ಜಜ್ಜಿ ತಂದು ಮೂಗಿಗೆ ಹಿಡಿದರು. ಒಂದೆರಡು ನಿಮಿಷದಲ್ಲಿ ಅದುರುವುದು ನಿಂತಿತು. "ನೋಡಿದಿರೇನ್ರೋ, ಕಬ್ಬಿಣ ಕೈಗೆ ಬಿದ್ದ ಕೂಡಲೇ ಹೇಗೆ ನಿಂತಿತು!" ಎಂದರು ಮೇಷ್ಟ್ರು. ನಾವೆಲ್ಲರೂ ನಂಬಿದೆವು. ಕಣ್ಣಾರೆ ಕಂಡದ್ದನ್ನು ನಂಬದೆ ಇರುವುದು ಹೇಗೆ?

ಮಧ್ಯಾಹ್ನ ಅವನ ಅಜ್ಜಿ ಬಂದರು. ಸೆರಗಿನಿಂದ ಮೊಮ್ಮಗನ ಮುಖ ಒರೆಸುತ್ತಾ, "ಇವನಿಗೆ ಚಿಕ್ಕೋನಿದ್ದಾಗಿಂದ್ಲೂ ಐತೆ ಮೇಷ್ಟ್ರೇ. ತಲೆ ಮ್ಯಾಲೆ ಬಿಸ್ನೀರು ಹುಯ್ದಾಗ ಬತ್ತಿತ್ತು. ಈಗೀಗ ನೀರು ಹುಯ್ದೆ ಇದ್ರೂ ಬತ್ತದೆ" ಎಂದರು. ಮೇಷ್ಟ್ರು ನಕ್ಕುಬಿಟ್ಟರು. "ಬಿಸಿನೀರಿಗೆಲ್ಲಾ ಫಿಟ್ಸ್ ಬರುತ್ತೇನಜ್ಜೀ? ಹಾಗಾದ್ರೆ ಊರಿಗೆ ಊರೇ ಬೀಳಬೇಕಾಗಿತ್ತು" ಎಂದರು. ಮೇಷ್ಟ್ರು ನಕ್ಕರೆಂದು ನಾವೂ ನಕ್ಕೆವು. ಅಜ್ಜಿ ಮಾತಾಡದೆ ಮೊಮ್ಮಗನ ಕೈ ಹಿಡಿದುಕೊಂಡು ಹೋದರು. ಆ ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಅವನು ಕುರಿ ಕಾಯುವುದನ್ನು ಕಂಡೆ. ಮಾತಾಡಿಸಲು ನನಗೆ ಧೈರ್ಯ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಅಂದು ನಾವು ನಂಬಿದ ಬೀಗದ ಕೈ ಸುಳ್ಳು. ನಾವು ನಕ್ಕ ಬಿಸಿನೀರು ನಿಜ.

ಈ ಹಳೆಯ ನೆನಪು ಮರುಕಳಿಸಲು ಕಾರಣ ಹೊಸಕೋಟೆ ಕಡೆಯ ತಂದೆಯೊಬ್ಬರು ಕೇಳಿದ ಪ್ರಶ್ನೆ. "ಹೊರದೇಶಗಳಲ್ಲಿ ಹೈಸ್ಕೂಲು ಮಕ್ಕಳಿಗೇ ನರವಿಜ್ಞಾನ ಕಲಿಸುತ್ತಾರಂತೆ, ವಿಶ್ವವಿದ್ಯಾಲಯದ ಸಂಶೋಧಕರೇ ಬಂದು ಪಾಠ ಮಾಡುತ್ತಾರಂತೆ. ಡಾಕ್ಟರಾಗುವವರು ಓದುವ ವಿಷಯ ನಮ್ಮ ಮಕ್ಕಳಿಗೆ ಯಾಕೆ ಸ್ವಾಮಿ? ಅದರಿಂದ ಮಾರ್ಕ್ಸು ಬರುತ್ತದೆಯೇ?" ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಇವತ್ತಿನ ಅಂಕಣ ಅದಕ್ಕೇ ಮೀಸಲು.

ಅವರು ಕೇಳಿದ್ದು ನಿಜ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸುತ್ತಲಿನ ಪ್ರೌಢಶಾಲೆಗಳೊಂದಿಗೆ ಕೈಜೋಡಿಸಿ ಮಿದುಳಿನ ಪಾಠ ನಡೆಸುತ್ತವೆ. ಮಿನ್ನೆಸೋಟ ವಿಶ್ವವಿದ್ಯಾಲಯದ ನರವಿಜ್ಞಾನಿಗಳು 'ಬ್ರೈನ್-ಯು' ಎಂಬ ಹೆಸರಿನಲ್ಲಿ ಮೊದಲು ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು, ಅವರ ಮೂಲಕ ಮಕ್ಕಳನ್ನು ತಲುಪಿದರು. ಪ್ರೌಢಶಾಲಾ ವಿದ್ಯಾರ್ಥಿಗಳಿಗೆಂದೇ 'ಬ್ರೈನ್ ಬೀ' ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ಇದೆ. ಭಾರತದ ಮಕ್ಕಳೂ ಅದರಲ್ಲಿ ಭಾಗವಹಿಸಿದ್ದಾರೆ. 1996ರಲ್ಲಿ ಆರಂಭವಾದ ಮಿದುಳು ಜಾಗೃತಿ ಸಪ್ತಾಹವನ್ನು ಈಗ ಪ್ರತಿ ಮಾರ್ಚ್ ತಿಂಗಳಲ್ಲಿ ಅನೇಕ ದೇಶಗಳು ಆಚರಿಸುತ್ತವೆ.

ಇದೆಲ್ಲ ದೂರದ ಮಾತು ಎನ್ನಬೇಡಿ. ದೇವನಹಳ್ಳಿಯಿಂದಲೋ ದೊಡ್ಡಬಳ್ಳಾಪುರದಿಂದಲೋ ಬೆಂಗಳೂರಿಗೆ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಯಲಹಂಕ ದಾಟಿದ ಮೇಲೆ ಒಂದು ಬದಿಗೆ ಜಕ್ಕೂರು. ಅಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 1989ರಲ್ಲಿ, ನೆಹರು ಜನ್ಮಶತಮಾನೋತ್ಸವದ ವರ್ಷ, ಸ್ಥಾಪನೆಯಾದದ್ದು. ಇನ್ನೊಂದು ಬದಿಗೆ ಜಿಕೆವಿಕೆ. ಕೃಷಿ ಮೇಳಕ್ಕೆ ಹೋಗಿ ಬಂದ ನಮ್ಮ ರೈತರಿಗೆಲ್ಲ ಅದು ಗೊತ್ತು. ರಾಗಿ, ತೊಗರಿ ತಳಿ ನೋಡಲು ಹೋಗುವ ಅದೇ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಅಲ್ಲಿ ಹಣ್ಣಿನ ನೊಣದಿಂದ ಹಿಡಿದು ಇಲಿಯವರೆಗೆ ನರಮಂಡಲದ ಅಧ್ಯಯನ ನಡೆಯುತ್ತದೆ. ಹೆಬ್ಬಾಳ ದಾಟಿ ಮುಂದೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ನೆಲಮಂಗಲದವರಿಗೆ ಅದು ಯಶವಂತಪುರದ ಪಕ್ಕವೇ. 2009ರಿಂದ ಅಲ್ಲಿ ನರವಿಜ್ಞಾನಕ್ಕೇ ಒಂದು ಕೇಂದ್ರವಿದೆ. ಊರಿನ ದಕ್ಷಿಣಕ್ಕೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್. ನಮ್ಮ ನಾಲ್ಕೂ ತಾಲ್ಲೂಕುಗಳಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಇಷ್ಟೊಂದು ಮಿದುಳಿನ ಸಂಶೋಧನೆ ನಡೆಯುವ ಊರು ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆದರೂ ಆ ಬಸ್ಸಿನಲ್ಲಿ ದಿನಾ ಓಡಾಡುವ ಎಷ್ಟು ವಿದ್ಯಾರ್ಥಿಗಳಿಗೆ ಆ ಗೇಟುಗಳ ಒಳಗೆ ಏನಿದೆ ಎಂದು ಗೊತ್ತು?

ಸಂಶೋಧಕರು ಶಾಲೆಗೆ ಬಂದರೆ ಏನು ತರುತ್ತಾರೆ? ದೊಡ್ಡ ದೊಡ್ಡ ಯಂತ್ರಗಳೆಂದು ನಾವು ಭಾವಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅವರು ತರಬಹುದಾದ ಅತ್ಯಮೂಲ್ಯ ವಸ್ತುವಿಗೆ ಕಾಸಿನ ಖರ್ಚಿಲ್ಲ. "ನಿನಗೆ ಹೇಗೆ ಗೊತ್ತು?" ಎಂಬ ಒಂದು ಪ್ರಶ್ನೆ ಅದು. ಈ ಮಾತು ಅರ್ಥವಾಗಲು ಒಂದು ಪ್ರಯೋಗ ಹೇಳುತ್ತೇನೆ. ವಿದ್ಯಾರ್ಥಿ ಮಿತ್ರರೇ, ನಾಳೆಯೇ ಇದನ್ನು ನಿಮ್ಮ ತರಗತಿಯಲ್ಲಿ ಮಾಡಿ ನೋಡಬಹುದು.

ನಲವತ್ತು ಮಂದಿ ವೃತ್ತಾಕಾರವಾಗಿ ಕುಳಿತುಕೊಳ್ಳಿ. ಪ್ರತಿಯೊಬ್ಬರೂ ಬಲಗೈಯಿಂದ ಪಕ್ಕದವರ ಭುಜ ಹಿಡಿಯಿರಿ. ಕಣ್ಣು ಮುಚ್ಚಿರಿ. ಮೇಷ್ಟ್ರು "ಹೂಂ" ಎಂದ ಕೂಡಲೇ ಮೊದಲನೆಯವರು ಪಕ್ಕದವರ ಭುಜ ಅದುಮಬೇಕು. ತನ್ನ ಭುಜಕ್ಕೆ ಅದುಮಿದ್ದು ಗೊತ್ತಾದ ತಕ್ಷಣ ಎರಡನೆಯವರು ಮೂರನೆಯವರ ಭುಜ ಅದುಮಬೇಕು. ಹೀಗೆ ಒಂದು ಸುತ್ತು ಬರಲು ಎಷ್ಟು ಹೊತ್ತಾಯಿತು ಎಂದು ಗಡಿಯಾರದಲ್ಲೋ ಮೊಬೈಲಿನಲ್ಲೋ ನೋಡಿ ಬರೆದುಕೊಳ್ಳಿ. ಇನ್ನೊಂದು ಸುತ್ತಿನಲ್ಲಿ ಭುಜದ ಬದಲು ಪಕ್ಕದವರ ಪಾದದ ಗಂಟು ಹಿಡಿದು ಅದುಮಿ. ಮತ್ತೆ ಹೊತ್ತು ಬರೆದುಕೊಳ್ಳಿ.

ಪಾದದಿಂದ ಮಿದುಳಿಗಿರುವ ದಾರಿ ಭುಜದಿಂದ ಇರುವ ದಾರಿಗಿಂತ ಸುಮಾರು ಒಂದು ಮೀಟರ್ ಹೆಚ್ಚು. ಸ್ಪರ್ಶದ ಸುದ್ದಿ ಹೊರುವ ನರಗಳಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ಸುಮಾರು 50 ಮೀಟರ್ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ 0.02 ಸೆಕೆಂಡ್ ಹೆಚ್ಚು ಬೇಕು. ಒಬ್ಬರಲ್ಲಿ ಅಷ್ಟು ಸಣ್ಣ ಕಾಲವನ್ನು ಅಳೆಯಲು ಯಾರಿಗೆ ಸಾಧ್ಯ? ಆದರೆ ನಲವತ್ತು ಮಂದಿಗೆ ಅದು 0.8 ಸೆಕೆಂಡ್ ಆಗುತ್ತದೆ. ಮೊಬೈಲು ಅದನ್ನು ಹಿಡಿಯುತ್ತದೆ. ಎರಡು ಸುತ್ತಿನ ವ್ಯತ್ಯಾಸದಿಂದ ನಿಮ್ಮ ಮೈಯೊಳಗಿನ ನರದ ವೇಗವನ್ನು ನೀವೇ ಲೆಕ್ಕ ಹಾಕಬಹುದು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಈ ವೇಗವನ್ನು ಅಳೆದು, ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತೋರಿಸಿದರು. ಅವರ ಗುರು ಮ್ಯುಲ್ಲರ್ ಇದನ್ನು ಅಳೆಯಲು ಸಾಧ್ಯವೇ ಇಲ್ಲ ಎಂದು ತಿಳಿದಿದ್ದರು!

ಇಲ್ಲಿ ಒಂದು ತಮಾಷೆ ಇದೆ. ನೀವು ಮೊದಲು ಭುಜದ ಸುತ್ತು, ಆಮೇಲೆ ಪಾದದ ಸುತ್ತು ಮಾಡಿದರೆ ಎಷ್ಟೋ ಸಲ ಪಾದದ ಸುತ್ತೇ ಬೇಗ ಮುಗಿದುಬಿಡುತ್ತದೆ. ಅಂದರೆ ದೂರದ ಸುದ್ದಿ ಬೇಗ ಮುಟ್ಟಿತು ಎಂದಾಯಿತಲ್ಲ! ಇಂಥ ಉತ್ತರ ಬಂದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? "ಲೆಕ್ಕ ತಪ್ಪಿತು" ಎಂದು ಹಾಳೆ ಹರಿದು, ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಬರೆದು ಮಾರ್ಕ್ಸು ಗಿಟ್ಟಿಸುತ್ತೇವೆ. ಪ್ರಯೋಗ ಮಾಡಿ ಪಳಗಿದ ಸಂಶೋಧಕರು ಪಕ್ಕದಲ್ಲಿದ್ದರೆ ಹಾಳೆ ಹರಿಯಲು ಬಿಡುವುದಿಲ್ಲ. "ಯಾವುದನ್ನು ಮೊದಲು ಮಾಡಿದಿರಿ?" ಎಂದು ಕೇಳುತ್ತಾರೆ. ಆಗ ಹೊಳೆಯುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಹೊಸಬರು. ಎರಡನೆಯ ಸುತ್ತಿಗೆ ಅಭ್ಯಾಸವಾಗಿ ಕೈ ಚುರುಕಾಗಿತ್ತು. ಬೇಗ ಮುಗಿದದ್ದಕ್ಕೆ ಕಾರಣ ಪಾದವಲ್ಲ, ಅಭ್ಯಾಸ. ಹಾಗಾದರೆ ಸರಿಪಡಿಸುವುದು ಹೇಗೆ? ಮೊದಲು ನಾಲ್ಕೈದು ಸುತ್ತು ಸುಮ್ಮನೆ ಅಭ್ಯಾಸ ಮಾಡಬೇಕು. ಆಮೇಲೆ ಭುಜ, ಪಾದ, ಪಾದ, ಭುಜ ಎಂದು ಅದಲುಬದಲು ಮಾಡಿ ಸರಾಸರಿ ತೆಗೆಯಬೇಕು. ಇಷ್ಟು ಕಲಿತ ಮಗು ವಿಜ್ಞಾನದ ಅರ್ಧವನ್ನು ಕಲಿತಂತೆ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬೇಕಿಲ್ಲ ಎಂಬುದು ಆ ಪಾಠ.

ಈಗ ನಮ್ಮ ಮೇಷ್ಟ್ರ ಬೀಗದ ಕೈಗೆ ಬರೋಣ. ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳು ವಿದ್ಯುತ್ ಸಂಜ್ಞೆಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡುವಂತೆ ಸಾಮಾನ್ಯವಾಗಿ ಅವು ಬೇರೆ ಬೇರೆ ಹೊತ್ತಿನಲ್ಲಿ ಸಂಜ್ಞೆ ಕಳಿಸುತ್ತವೆ. ದೊಡ್ಡ ಗುಂಪೊಂದು ಒಮ್ಮೆಲೇ, ಒಂದೇ ತಾಳದಲ್ಲಿ ಕೂಗಲಾರಂಭಿಸಿದರೆ ಅದೇ ಫಿಟ್ಸ್, ಮೂರ್ಛೆ. ಸಾಧಾರಣವಾಗಿ ಒಂದರಿಂದ ಮೂರು ನಿಮಿಷಗಳೊಳಗೆ ಮಿದುಳು ತಾನಾಗಿಯೇ ಅದನ್ನು ನಿಲ್ಲಿಸಿಕೊಳ್ಳುತ್ತದೆ. ಜನ ಓಡಿಬಂದು, ಬೀಗದ ಕೈ ಹುಡುಕಿ, ಮುಷ್ಟಿ ಬಿಡಿಸಿ ಒಳಗಿಡುವ ಹೊತ್ತಿಗೆ ಅದು ನಿಲ್ಲುವ ಸಮಯವೇ ಆಗಿರುತ್ತದೆ. ಕೀರ್ತಿ ಮಾತ್ರ ಕಬ್ಬಿಣಕ್ಕೆ! ಬೀಗದ ಕೈ ಕೊಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಅಂದು ನಮ್ಮಲ್ಲಿ ಒಬ್ಬನಾದರೂ ಕೇಳಬೇಕಾಗಿತ್ತು. ಕೇಳುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಇನ್ನು ಅಜ್ಜಿಯ ಬಿಸಿನೀರು. ಹಳ್ಳಿಯವರ ಮಾತೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಹಾಗೆ ತಳ್ಳಿಹಾಕಲಿಲ್ಲ. ತಲೆಗೆ ಬಿಸಿನೀರು ಹುಯ್ದಾಗ ಮಾತ್ರ ಫಿಟ್ಸ್ ಬರುತ್ತದೆ ಎಂದು ಹೇಳಿಕೊಂಡು ಬಂದ ರೋಗಿಗಳ ಮಾತನ್ನು ಅವರು ಕಿವಿಗೊಟ್ಟು ಕೇಳಿದರು. ಕೇಳಿದ್ದನ್ನು ಬರೆದಿಟ್ಟರು. 1968ರಲ್ಲಿ ಅವರೂ ಅವರ ಸಂಗಡಿಗರೂ ಈ ಕುರಿತು ಮೊದಲ ವರದಿ ಪ್ರಕಟಿಸಿದರು. 1945ರಲ್ಲಿ ನ್ಯೂಜಿಲೆಂಡಿನಿಂದ ಇಂಥದೇ ಒಂದು ವರದಿ ಬಂದಿತ್ತಾದರೂ, ಜಗತ್ತಿನಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವ ಪ್ರದೇಶಗಳಲ್ಲಿ ನಮ್ಮ ದಕ್ಷಿಣ ಕರ್ನಾಟಕವೇ ಮುಖ್ಯವಾದದ್ದು ಎಂದು ಆಮೇಲೆ ತಿಳಿದುಬಂತು. ಟರ್ಕಿ ದೇಶದಲ್ಲೂ ಇದು ಸಾಕಷ್ಟು ಕಂಡುಬಂದಿದೆ.

1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಮಕ್ಕಳ ಸಂಖ್ಯೆ ಹೆಚ್ಚು, ಅದರಲ್ಲೂ ಗಂಡುಮಕ್ಕಳದು ಹೆಚ್ಚು. ನಮ್ಮ ಸ್ನಾನದ ಕ್ರಮವನ್ನು ನೆನೆಸಿಕೊಳ್ಳಿ. ಹಂಡೆಯ ತುಂಬ ಹಬೆಯಾಡುವ ನೀರು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಎಣ್ಣೆ ಹಚ್ಚಿ, ಚೊಂಬಿನಿಂದ ಒಂದರ ಮೇಲೊಂದರಂತೆ ನೆತ್ತಿಗೇ ನೀರು ಹುಯ್ಯುವುದು. ನೀರಿನ ಉಷ್ಣತೆ 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೈಗೆ ಬಿಸಿನೀರು ಬಿದ್ದರೆ ಏನೂ ಆಗದ ಮಗುವಿಗೆ ತಲೆಗೆ ಬಿದ್ದಾಗ ಫಿಟ್ಸ್ ಬರುತ್ತದೆ. ಹೀಗೆ ಬರುವವರಲ್ಲಿ ಕೆಲವರಿಗೆ ಮುಂದೆ ಸ್ನಾನವಿಲ್ಲದೆಯೂ ಬರತೊಡಗುತ್ತದೆ. ಅಜ್ಜಿ ಹೇಳಿದ್ದು ಅಕ್ಷರಶಃ ಇದನ್ನೇ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಮಣಿಯವರ ತಂಡ ಮನೆಮನೆಗೆ ಹೋಗಿ ಸಮೀಕ್ಷೆ ನಡೆಸಿದಾಗ ಲಕ್ಷಕ್ಕೆ 255 ಮಂದಿಯಲ್ಲಿ ಈ ಬಗೆಯ ಮೂರ್ಛೆ ಕಂಡುಬಂತು. ಬೆಂಗಳೂರಿನ ಸುತ್ತಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 60. "ಊರಿಗೆ ಊರೇ ಬೀಳಬೇಕಾಗಿತ್ತು" ಎಂದ ಮೇಷ್ಟ್ರ ತರ್ಕದ ತಪ್ಪು ಇಲ್ಲಿದೆ. ಎಲ್ಲರಿಗೂ ಬರುವುದಿಲ್ಲ ಎಂದ ಮಾತ್ರಕ್ಕೆ ಕೆಲವರಿಗೆ ಬರುವುದು ಸುಳ್ಳಾಗುವುದಿಲ್ಲ.

ಆ ಕೆಲವರಿಗೇ ಯಾಕೆ? ಈ ಪ್ರಶ್ನೆಯ ಹಿಂದೆ ಬಿದ್ದವರು ನಾವು ಬಸ್ಸಿನಿಂದ ನೋಡಿದ ಅದೇ ಜಕ್ಕೂರಿನ ಸಂಶೋಧಕರು. ಪ್ರೊ. ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ವೈದ್ಯರೊಂದಿಗೆ ಸೇರಿ, ಈ ತೊಂದರೆ ವಂಶದಲ್ಲಿ ಹರಿದುಬಂದ ಕುಟುಂಬಗಳನ್ನು ಅಧ್ಯಯನ ಮಾಡಿತು. 2009ರಲ್ಲಿ 10ನೆಯ ಮತ್ತು 4ನೆಯ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಎರಡು ತಾಣಗಳನ್ನು ಗುರುತಿಸಿತು. 2017ರಲ್ಲಿ ಇನ್ನೊಂದು ಜೀನಿನಲ್ಲಿ ಅಪರೂಪದ ವ್ಯತ್ಯಾಸಗಳನ್ನು ವರದಿ ಮಾಡಿತು. ನರಕೋಶಗಳು ಸಂಜ್ಞೆ ಕೊಡಲು ಹೊರಬಿಡುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಮತ್ತೆ ಒಳಗೆ ಸೆಳೆದುಕೊಳ್ಳುವುದು ಆ ಜೀನಿಗೆ ಸಂಬಂಧಿಸಿದ ಪ್ರೋಟೀನಿನ ಕೆಲಸ. ಬಚ್ಚಲುಮನೆಯ ಅಜ್ಜಿಯ ಮಾತು ವರ್ಣತಂತುವಿನವರೆಗೆ ಬಂದು ಮುಟ್ಟಿತು.

ಶಾಖಕ್ಕೂ ನರಕ್ಕೂ ಇರುವ ನಂಟನ್ನು ಜಿಕೆವಿಕೆಯ ಕಡೆಯಿಂದಲೂ ನೋಡಬಹುದು. ಎನ್‌ಸಿಬಿಎಸ್ ಕಟ್ಟಿದ ಒಬೈದ್ ಸಿದ್ದೀಕಿ ಅವರು (1932–2013), ಅಮೆರಿಕದ ಸೀಮೋರ್ ಬೆಂಜರ್ ಜೊತೆ ಸೇರಿ 1976ರಲ್ಲಿ ಹಣ್ಣಿನ ನೊಣಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಕೆಲವು ನೊಣಗಳು ಮಾಮೂಲಿ ಉಷ್ಣತೆಯಲ್ಲಿ ಚೆನ್ನಾಗಿಯೇ ಓಡಾಡುತ್ತವೆ. 29 ಡಿಗ್ರಿ ಹತ್ತಿರ ಬಿಸಿಯಾದರೆ ದೊಪ್ಪನೆ ಬಿದ್ದುಬಿಡುತ್ತವೆ, ತಂಪಾದರೆ ಮತ್ತೆ ಎದ್ದು ಓಡುತ್ತವೆ. ನರದ ಗೋಡೆಯಲ್ಲಿ ಸೋಡಿಯಂ ಒಳನುಗ್ಗುವ ಪುಟ್ಟ ದ್ವಾರಗಳಿವೆ. ಇಂಥ ನೊಣಗಳ ಒಂದು ಬಗೆಯಲ್ಲಿ ದೋಷವಿರುವುದು ಆ ದ್ವಾರಕ್ಕೆ ಸಂಬಂಧಿಸಿದ ಜೀನಿನಲ್ಲೇ ಎಂದು ಮುಂದೆ ತಿಳಿಯಿತು. ಮನುಷ್ಯರ ಕೆಲವು ಬಗೆಯ ಮೂರ್ಛೆರೋಗಕ್ಕೂ ಸೋಡಿಯಂ ದ್ವಾರದ ದೋಷವೇ ಕಾರಣ. ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ನೊಣವನ್ನು ಇನ್ನು ಮುಂದೆ ಹೊಡೆಯುವ ಮೊದಲು ಒಂದು ಗಳಿಗೆ ನೋಡಿ. ಬಾಳೆಹಣ್ಣಿನ ತುಂಡು, ಬಾಯಿಗೆ ಹತ್ತಿ ತುರುಕಿದ ಒಂದು ಬಾಟಲಿ ಇದ್ದರೆ ಶಾಲೆಯಲ್ಲೂ ಅವನ್ನು ಸಾಕಬಹುದು. ಬೆಳಕಿಗೆ ಹೋಗುತ್ತವೆಯೋ ಕತ್ತಲೆಗೋ, ಹಣ್ಣಿನ ವಾಸನೆಗೆ ಬರುತ್ತವೆಯೋ ವಿನಿಗರ್‌ಗೋ ಎಂದು ಎಣಿಸಿ ಬರೆದಿಡಬಹುದು. ನೊಣಗಳ ವಾಸನೆಯ ಅರಿವಿನ ಬಗ್ಗೆ ವೆರೋನಿಕಾ ರೋಡ್ರಿಗಸ್ ಅವರು ಸಿದ್ದೀಕಿಯವರ ವಿದ್ಯಾರ್ಥಿನಿಯಾಗಿ ಆರಂಭಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು.

ಇಷ್ಟೆಲ್ಲ ಹೇಳಿದ್ದು ನಮ್ಮ ಮಕ್ಕಳೆಲ್ಲ ನರವಿಜ್ಞಾನಿಗಳಾಗಲಿ ಎಂದಲ್ಲ. ಇದರ ಅಗತ್ಯ ಇನ್ನೂ ಹತ್ತಿರದ್ದು. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ 1,02,557 ಜನರನ್ನು ಒಳಗೊಂಡ ಒಂದು ದೊಡ್ಡ ಸಮೀಕ್ಷೆ ನಡೆಸಿದರು. ಅದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಾವಿರಕ್ಕೆ ಸುಮಾರು ಒಂಬತ್ತು ಮಂದಿಗೆ ಮೂರ್ಛೆರೋಗವಿತ್ತು. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಸುಮಾರು ಎರಡರಷ್ಟು. ಈ ಸರಾಸರಿಯನ್ನೇ ಹಿಡಿದರೂ 500 ಮಕ್ಕಳಿರುವ ಶಾಲೆಯಲ್ಲಿ ನಾಲ್ಕೈದು ಮಕ್ಕಳಿಗೆ ಇದು ಇರಬಹುದು. ಅವರು ಎಲ್ಲಿದ್ದಾರೆ? ಕೆಲವರು ಗುಟ್ಟಾಗಿ ಮಾತ್ರೆ ನುಂಗುತ್ತಾ ತರಗತಿಯಲ್ಲೇ ಇದ್ದಾರೆ. ಕೆಲವರು ನನ್ನ ಸಹಪಾಠಿಯಂತೆ ಶಾಲೆ ಬಿಟ್ಟಿದ್ದಾರೆ. ಹೆಣ್ಣುಮಗುವಾದರೆ "ಗೊತ್ತಾದರೆ ಮದುವೆಯಾಗುವುದಿಲ್ಲ" ಎಂಬ ಭಯದಿಂದ ಮನೆಯವರು ಆಸ್ಪತ್ರೆಗೂ ಕರೆದೊಯ್ಯುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಹೇಳಿದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಕಾನೂನು ಬದಲಾಯಿತು, ಪಡಸಾಲೆಯ ಪಿಸುಮಾತು ಬದಲಾಗಿಲ್ಲ.

ಮೂರ್ಛೆರೋಗವಿರುವ ಹತ್ತು ಮಂದಿಯಲ್ಲಿ ಏಳು ಮಂದಿಯವರೆಗೆ ಸರಿಯಾದ ಔಷಧಿಯಿಂದ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಡಿಮೆ ಬೆಲೆಯ ಹಳೆಯ ಮಾತ್ರೆಗಳಿಂದಲೇ ಹಳ್ಳಿಗಳಲ್ಲಿ ಇದನ್ನು ಹತೋಟಿಗೆ ತರಬಹುದು ಎಂದು ಯಳಂದೂರಿನ ಅಧ್ಯಯನ 2001ರಲ್ಲಿ ತೋರಿಸಿಕೊಟ್ಟಿತು. ಬಿಸಿನೀರಿನ ಮೂರ್ಛೆಗೂ ಉಪಾಯವಿದೆ. ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳುವುದು, ನೆತ್ತಿಗೆ ಒಂದೇ ಸಮನೆ ಸುರಿಯದಿರುವುದು, ಮಗುವನ್ನು ಬಚ್ಚಲಲ್ಲಿ ಒಂಟಿಯಾಗಿ ಬಿಡದಿರುವುದು. ಅಗತ್ಯವಿದ್ದವರಿಗೆ ತಲೆಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆಯನ್ನೂ ವೈದ್ಯರು ಕೊಡುತ್ತಾರೆ. ನನ್ನ ಸಹಪಾಠಿ ಶಾಲೆ ಬಿಡಬೇಕಾದ ಅಗತ್ಯವೇ ಇರಲಿಲ್ಲ.

ಇನ್ನು ಆ ತಂದೆಯವರ ಪ್ರಶ್ನೆಗೆ ಉತ್ತರ. ಮಾರ್ಕ್ಸಿನ ವಿಷಯ ಹೇಳುವುದಾದರೆ, ಹತ್ತನೆಯ ತರಗತಿಯ ವಿಜ್ಞಾನದಲ್ಲಿ ನರಮಂಡಲದ ಪಾಠ ಹೇಗೂ ಇದೆ. ಮುಮ್ಮೆದುಳು, ಹಿಮ್ಮೆದುಳು, ಮಿದುಳುಬಳ್ಳಿ, ಪರಾವರ್ತಿತ ಪ್ರತಿಕ್ರಿಯೆ ಎಲ್ಲವನ್ನೂ ಚಿತ್ರ ಬರೆದು ಹೆಸರಿಸಬೇಕು. ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದ ಮರುದಿನ ಮರೆಯುತ್ತದೆ. ನಲವತ್ತು ಗೆಳೆಯರೊಂದಿಗೆ ಕುಳಿತು ನರದ ವೇಗ ಅಳೆದ ಮಗು ಮರೆಯಲಾರದು. ಸ್ಕೇಲನ್ನು ಬೀಳಬಿಟ್ಟು ಹಿಡಿಯುವ ಪ್ರಯೋಗವನ್ನೇ ನೋಡಿ. ಗೆಳೆಯ ಬಿಟ್ಟ ಸ್ಕೇಲು 20 ಸೆಂಟಿಮೀಟರ್ ಜಾರಿದ ಮೇಲೆ ನೀವು ಹಿಡಿದರೆ, ಒಂಬತ್ತನೆಯ ತರಗತಿಯ ಗುರುತ್ವದ ಸೂತ್ರದಿಂದ ನಿಮ್ಮ ಪ್ರತಿಕ್ರಿಯೆಯ ಕಾಲ 0.2 ಸೆಕೆಂಡ್ ಎಂದು ಸಿಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಅಷ್ಟರಲ್ಲಿ ಮೂರು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಒಂದೇ ಸ್ಕೇಲಿನಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ, ಗಣಿತ ಮೂರೂ ಬಂದವು. ರಸ್ತೆಯ ಬುದ್ಧಿಯೂ ಬಂತು.

ಶಿಕ್ಷಕರಿಗೂ ಒಂದು ಮಾತು. ಇಡೀ ವರ್ಷದ ಕೋರ್ಸು ಬೇಕಿಲ್ಲ. ಆರು ಶನಿವಾರ ಸಾಕು. ಸಂಸ್ಥೆಗಳಿಗೆ ಪತ್ರ ಬರೆಯುವಾಗ "ಬಂದು ಭಾಷಣ ಮಾಡಿ" ಎಂದು ಕೇಳಬೇಡಿ. "ನಮ್ಮ ಮಕ್ಕಳು ಇಂಥ ಪ್ರಯೋಗ ಮಾಡಿದ್ದಾರೆ, ಉತ್ತರ ಹೀಗೆ ವಿಚಿತ್ರವಾಗಿ ಬಂದಿದೆ, ಎಲ್ಲಿ ತಪ್ಪಿದ್ದೇವೆ ಎಂದು ತೋರಿಸಿ" ಎಂದು ಬರೆಯಿರಿ. ಇಂಥ ಪತ್ರ ಬಂದರೆ ಯಾವ ಸಂಶೋಧಕನಿಗೂ ಕುತೂಹಲವಾಗುತ್ತದೆ. ಪಾಠ ಕನ್ನಡದಲ್ಲೇ ನಡೆಯಲಿ ಎಂದು ಕೇಳಲು ಸಂಕೋಚ ಬೇಡ; ಅಲ್ಲಿ ಕನ್ನಡ ಮಾತಾಡುವ ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ವಿಜ್ಞಾನ ಸಂಸ್ಥೆಯಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನವೊಂದಿದೆ, ಅಂದು ಮಕ್ಕಳನ್ನು ಕರೆದೊಯ್ಯಿರಿ. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರು ವರ್ಷಗಟ್ಟಲೆ ಶ್ರಮಿಸಿ ರೂಪಿಸಿದ ಮಿದುಳಿನ ಸಂಗ್ರಹಾಲಯವಿದೆ. ಮೊದಲೇ ವಿಚಾರಿಸಿಕೊಂಡು ಹೋದರೆ ನಿಜವಾದ ಮಾನವ ಮಿದುಳನ್ನು ಹತ್ತಿರದಿಂದ ನೋಡಬಹುದು. ಸುಮಾರು ಒಂದೂಕಾಲು ಕಿಲೋ ತೂಕದ ಆ ಮುದ್ದೆಯ ಎದುರು ನಿಂತ ಮಗು ಕೇಳುವ ಮೊದಲ ಪ್ರಶ್ನೆಯನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಿದುಳಿನ ಪಾಠ ಕಲಿತವರು ವೈದ್ಯರಾಗುವುದಿಲ್ಲ. ಸಹಪಾಠಿಗೆ ಯಾವ ರೋಗ ಎಂದು ಹೆಸರಿಡುವುದು, ಇನ್ನೊಬ್ಬರ ಮನೆಯ ವಿಷಯವನ್ನು ಪ್ರಾಜೆಕ್ಟಿಗೆಂದು ಕೆದಕುವುದು ಸಲ್ಲದು. ಆದರೆ ಕಣ್ಣೆದುರಿಗೆ ಯಾರಾದರೂ ಫಿಟ್ಸ್ ಬಂದು ಬಿದ್ದರೆ ಏನು ಮಾಡಬೇಕು ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಸುತ್ತಲಿನ ಕಲ್ಲು, ಬೆಂಚು ಸರಿಸಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕುತ್ತಿಗೆಯ ಗುಂಡಿ ಸಡಿಲಿಸಿ. ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಅದುರು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ, ಎಚ್ಚರವಾಗುವವರೆಗೆ ಜೊತೆಗಿರಿ. ಗಡಿಯಾರ ನೋಡಿಕೊಂಡಿರಿ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಅಥವಾ ಮೊಟ್ಟಮೊದಲ ಸಲ ಬಂದದ್ದಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಬೀಗದ ಕೈ ಜೇಬಿನಲ್ಲೇ ಇರಲಿ, ಮನೆಗೆ ಹೋದಾಗ ಬಾಗಿಲು ತೆಗೆಯಲು ಬೇಕಾಗುತ್ತದೆ.

ನಮ್ಮ ಮೇಷ್ಟ್ರನ್ನು ದೂರಲು ನನಗೆ ಮನಸ್ಸಿಲ್ಲ. ಅವರು ಒಳ್ಳೆಯವರು, ಮಣ್ಣಿನಲ್ಲಿ ಬಿದ್ದ ಹುಡುಗನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವರಿಗೂ ಯಾರೂ ಕಲಿಸಿರಲಿಲ್ಲ. ಅಂದು ಜಕ್ಕೂರಿನಲ್ಲಿ ಆ ಕೇಂದ್ರವಿರಲಿಲ್ಲ, ಜಿಕೆವಿಕೆಯಲ್ಲಿ ನೊಣಗಳನ್ನು ಸಾಕುವವರಿರಲಿಲ್ಲ. ಈಗ ಇದ್ದಾರೆ, ಬಸ್ಸೂ ಇದೆ. ನಿಮ್ಮ ಮಗ ಅಥವಾ ಮಗಳು ಮುಂದಿನ ಸಲ "ಅದು ಹೇಗೆ ಗೊತ್ತು?" ಎಂದು ಕೇಳಿದರೆ ಎದುರು ಮಾತಾಡಿತೆಂದು ಗದರಬೇಡಿ. ಅಂದಿನ ಪ್ರಾರ್ಥನೆಯ ಸಾಲಿನಲ್ಲಿ ಆ ಮಾತು ಕೇಳುವ ಒಂದು ಮಗುವಿದ್ದಿದ್ದರೆ, ಅಜ್ಜಿಯ ಮಾತಿಗೆ ನಾವು ನಗುತ್ತಿರಲಿಲ್ಲವೇನೋ. ಹತ್ತನೆಯ ತರಗತಿಯ ನಮ್ಮ ಗುಂಪುಚಿತ್ರದಲ್ಲಿ ಇನ್ನೊಂದು ಮುಖವೂ ಇರುತ್ತಿತ್ತೇನೋ.